ತಾತ್ಯಾಸಾಹೇಬರ ಕಾಡತೂಸು

೧೯೮೮ರ ಸುಮಾರಿಗೆ ನಾನು ಜಿಲ್ಲಾ ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಇಲಾಖೆಯ ಬಂದೂಕುಗಳನ್ನು ಬಿಚ್ಚಿ, ಒರೆಸಿ, ರಿಪೇರಿ ಮಾಡಿ, ಕೆಟ್ಟಿದ್ದರೆ ಯಾಕೆ ಕೆಟ್ಟಿತು ಎಂದು ಬರೆದುಕೊಡುವವನು. ಇದರ ಜೊತೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ಖಾಸಗಿ ಬಂದೂಕುಗಳ ತಪಾಸಣೆಯೂ ನನ್ನ ಪಾಲಿಗೆ ಬರುತ್ತಿತ್ತು. ಶ್ರೀಮಂತರ ಬಗ್ಗೆ ನನಗಿದ್ದ ಅಷ್ಟಿಷ್ಟು ಗೌರವ ಕರಗಿದ್ದು ಈ ಎರಡನೆಯ ಕೆಲಸದಿಂದ.

ಬೆಳೆ ರಕ್ಷಣೆಗೆಂದು ಲೈಸೆನ್ಸ್ ತೆಗೆದುಕೊಂಡವರಲ್ಲಿ ಹಂದಿಯನ್ನು ಎದುರಿಗೆ ಕಂಡವರು ಕಡಿಮೆ. ಬಂದೂಕು ಇರುತ್ತಿದ್ದದ್ದು ಬೈಠಕ್ ಖೋಲಿಯ ಗೋಡೆಯ ಮೇಲೆ, ಬೀಗರು ಬಂದಾಗ ಕಾಣಲಿ ಎಂದು. ಒಬ್ಬರ ಮನೆಯಲ್ಲಿ ನಳಿಗೆಯೊಳಗೆ ಕಣಜ ಗೂಡು ಕಟ್ಟಿತ್ತು. ಇನ್ನೊಬ್ಬರು ಖಂಡೆನವಮಿಯ ಆಯುಧಪೂಜೆಗೆ ಬಳಿದ ಕುಂಕುಮವನ್ನು ವರ್ಷಾನುಗಟ್ಟಲೆ ಒರೆಸದೆ ಬಿಟ್ಟು, ಕುದುರೆ, ಅಂದರೆ ಟ್ರಿಗರ್, ಎಳೆಯಲು ಬರುತ್ತಿಲ್ಲ ಎಂದು ನನ್ನನ್ನೇ ಗದರಿದ್ದರು. ಇಂಥವರು ಅಪಾಯವಿಲ್ಲದವರು, ಅವರ ಬಂದೂಕು ಹಾರುತ್ತಲೇ ಇರಲಿಲ್ಲ. ಅಪಾಯವಿದ್ದದ್ದು ಅರ್ಧ ಕಲಿತವರಿಂದ. ಅವರಲ್ಲಿ ಮೊದಲನೆಯ ಸಾಲಿನವರು ತಾತ್ಯಾಸಾಹೇಬರು. ಹೆಸರು ಬದಲಿಸಿದ್ದೇನೆ, ಅವರ ಠಾಣೆಯ ಹೆಸರನ್ನೂ ಹೇಳುವುದಿಲ್ಲ. ಚಿಕ್ಕೋಡಿ ಮತ್ತು ರಾಯಬಾಗದ ನಡುವೆ ಎಲ್ಲೋ ಎಂದಿಟ್ಟುಕೊಳ್ಳಿ.

ತಾತ್ಯಾಸಾಹೇಬರದು ಪೇಟೆಯಲ್ಲಿ ದೊಡ್ಡ ಕಿರಾಣಿ ಅಂಗಡಿ, ಹೊಳೆಯ ಕಡೆ ಕಬ್ಬಿನ ಹೊಲ. ಹಳೆಯ ಜಹಗೀರದಾರರ ಮನೆಯೊಂದು ಸಾಮಾನು ಮಾರಿದಾಗ ಅವರು ಅಲ್ಲಿಂದ ಸಣ್ಣದೊಂದು ಬೋಲ್ಟ್ ಆಕ್ಷನ್ ರೈಫಲ್ ತಂದಿದ್ದರು. ಬೋಲ್ಟ್ ಎಂದರೆ ಕದದ ಅಗುಳಿಯಂಥ ಉಕ್ಕಿನ ಸರಳು. ಅದನ್ನು ಹಿಂದಕ್ಕೆಳೆದು ಕಾಡತೂಸು ಇಟ್ಟು, ಮುಂದಕ್ಕೆ ತಳ್ಳಿ ಮಡಚಿದರೆ ನಳಿಗೆಯ ಹಿಂಬಾಗಿಲು ಭದ್ರವಾಗುತ್ತದೆ. ಗುಂಡು ಹಾರಿಸುವವನ ಕಣ್ಣು ಈ ಬಾಗಿಲಿಗೆ ಗೇಣಿನಷ್ಟೇ ದೂರದಲ್ಲಿರುತ್ತದೆ. ಇದನ್ನು ಓದುಗರು ನೆನಪಿಡಬೇಕು, ಏಕೆಂದರೆ ತಾತ್ಯಾಸಾಹೇಬರು ಇದನ್ನು ಚೆನ್ನಾಗಿಯೇ ನೆನಪಿಟ್ಟಿದ್ದರು.

ಆ ರೈಫಲಿನ ಕಾಡತೂಸು ಕಿರುಬೆರಳಿಗಿಂತ ತೆಳ್ಳಗಿನದು. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಸದು ನಮ್ಮಲ್ಲಿ ಸಿಗುತ್ತಿರಲಿಲ್ಲ. ಒಮ್ಮೆ ಹಾರಿಸಿದ ಕೊಳವೆಗೆ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಗುಂಡು ಒತ್ತಿ ಮತ್ತೆ ಬಳಸಬಹುದು. ಇದಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ತಾಳ್ಮೆ ಬೇಡುವ ಕಸುಬು. ಸರಕಾರದ ಲೈಸೆನ್ಸ್ ಬೇರೆ ಬೇಕು. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಅಕ್ಕಸಾಲಿಗರ ಗುಂಜಿಯ ಅರ್ಧಕ್ಕಿಂತ ತುಸು ಹೆಚ್ಚು ಎಂದರೆ ಒಂದು ಗ್ರೇನ್. ಕೊಳವೆ ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ. ದೊಡ್ಡ ಕಾಡತೂಸಿನಲ್ಲಿ ಒಂದಿಷ್ಟು ಹೆಚ್ಚಾದರೆ ಭುಜಕ್ಕೆ ಪೆಟ್ಟು ಜೋರಾಗುತ್ತದೆ, ಅಷ್ಟೇ. ಚಿಕ್ಕದರಲ್ಲಿ ಹಾಗಲ್ಲ.

ರೈಫಲಿನ ಜೊತೆ ತಾತ್ಯಾಸಾಹೇಬರಿಗೆ ಅಡಕತ್ತರಿಯಂಥ ಒಂದು ಒತ್ತುವ ಉಪಕರಣ ಮತ್ತು ಪುಟ್ಟ ತಕ್ಕಡಿಯೂ ಬಂದಿದ್ದವು. ಯಾರೋ ಒಂದು ಮಧ್ಯಾಹ್ನ ಕೂತು ಕಲಿಸಿದ್ದರಂತೆ. ಅಲ್ಲಿಂದ ಅವರು ಪಂಡಿತರಾದರು. ಅಂಗಡಿಗೆ ಬೆಲ್ಲ ಕೊಳ್ಳಲು ಬಂದವರಿಗೂ ಮದ್ದಿನ ವಿದ್ಯೆಯ ಉಪನ್ಯಾಸ ತಪ್ಪುತ್ತಿರಲಿಲ್ಲ. ಕಾಡತೂಸು ತುಂಬುವುದಕ್ಕೂ ಲೈಸೆನ್ಸ್ ಬೇಕೆಂಬ ವಿಚಾರ ಅವರ ತಲೆಗೆ ಬಂದಿರಲಿಕ್ಕಿಲ್ಲ. ಕಾನೂನು ಎನ್ನುವುದು ಗಿರಾಕಿಗಳಿಗೆ ಇರುವುದು ಎಂದು ತಿಳಿದ ಮನುಷ್ಯ.

ಒಂದು ಬೆಳಿಗ್ಗೆ ಆ ರೈಫಲ್ ಕಬ್ಬಿನ ಹೊಲದಲ್ಲಿ ಒಡೆಯಿತು. ಹಾರಿಸಿದವನು ಹೊಲದ ಕಾವಲುಗಾರ ಲಗಮಣ್ಣ, ಕರೋಶಿಯವನು. ಹಿತ್ತಾಳೆಯ ಚೂರು ಮತ್ತು ಬಿಸಿ ಗ್ಯಾಸು ಬೋಲ್ಟಿನ ಕಡೆಯಿಂದ ಹಿಂದಕ್ಕೆ ಚಿಮ್ಮಿ ಅವನ ಬಲಗಣ್ಣಿಗೆ ಬಡಿದವು. ಟ್ರ್ಯಾಕ್ಟರಿನಲ್ಲಿ ಮಲಗಿಸಿ ಮಿರಜಕ್ಕೆ ಒಯ್ದರು. ಕಣ್ಣು ಉಳಿಯಲಿಲ್ಲ. ಅವನು ಅಲ್ಲಿ ಮಲಗಿದ್ದಾಗಲೇ ಇಲ್ಲಿ ಅವನ ಮೇಲೆ ಕೇಸು ದಾಖಲಾಗಿತ್ತು.

ರೈಫಲ್ ಜೊತೆ ನನ್ನ ಮೇಜಿಗೆ ಬಂದ ಪಂಚನಾಮೆಯ ಸಾರಾಂಶ ಹೀಗಿತ್ತು: ಆರೋಪಿ ಮಾಲೀಕರಿಗೆ ತಿಳಿಯದಂತೆ ರೈಫಲ್ ಕದ್ದು ಒಯ್ದ, ನೀರಿನ ಕಾಲುವೆಯಲ್ಲಿ ಬೀಳಿಸಿದ, ನಳಿಗೆಗೆ ಕೆಸರು ತುಂಬಿದ್ದನ್ನು ನೋಡದೆ ಹಾರಿಸಿದ್ದರಿಂದ ಅದು ಒಡೆಯಿತು. ಬರೆದವನು ಲಗಮಣ್ಣನ ಪಕ್ಕದಲ್ಲೇ ನಿಂತಿದ್ದನೇನೋ ಎನ್ನುವಷ್ಟು ಸೊಗಸಾದ ವರ್ಣನೆ. ಕೆಳಗೆ ನಾನು ತಾಂತ್ರಿಕ ಅಭಿಪ್ರಾಯ ಬರೆದು ಸಹಿ ಮಾಡಬೇಕು. ಮಾಡಿದರೆ ಒಕ್ಕಣ್ಣನಾದ ಲಗಮಣ್ಣ ಕಳವು ಮತ್ತು ಶಸ್ತ್ರ ಕಾಯ್ದೆ ಎರಡರಲ್ಲೂ ಜೈಲಿಗೆ ಹೋಗುತ್ತಿದ್ದ.

ರೈಫಲ್ ತಂದವರು ಠಾಣೆಯ ಸಬ್ ಇನ್ಸ್‌ಪೆಕ್ಟರ್. ಇಸ್ತ್ರಿ ಮಾಡಿದ ಅಂಗಿಯ ಮೇಲಿದ್ದ ಕಾಳಜಿಯನ್ನು ತನಿಖೆಯ ಮೇಲೆ ಇಟ್ಟಿದ್ದರೆ ನನಗೆ ಈ ಕಥೆ ಬರೆಯುವ ಕೆಲಸವಿರುತ್ತಿರಲಿಲ್ಲ.

"ಇದರಾಗ ನೋಡೂದು ಏನೂ ಇಲ್ರಿ. ತಾತ್ಯಾಸಾಹೇಬ್ರು ದೊಡ್ಡ ಮಂದಿ. ಒಂದ್ ಸಹಿ ಹಾಕಿ ಕೊಡ್ರಿ, ನಾ ಹೊಂಡತೀನಿ," ಎಂದರು.

"ನೋಡಿ ಹಾಕ್ತೀನಿ, ಕೂಡ್ರಿ," ಎಂದೆ.

ನಳಿಗೆಯ ಬಾಯಲ್ಲಿ ಕೆಸರೇನೋ ಇತ್ತು. ಹಸಿಯಾಗಿತ್ತು, ಅದರಲ್ಲೊಂದು ಹಸಿರು ಹುಲ್ಲಿನ ಎಸಳೂ ಇತ್ತು. ಗುಂಡು ಆ ದಾರಿಯಲ್ಲೇ ಹೊರಗೆ ಹೋಗಿದೆ, ಅದರ ಹಿಂದೆಯೇ ಬೆಂಕಿ ಹೋಗಿದೆ, ಆದರೂ ಹುಲ್ಲು ಬಾಡಿಲ್ಲ. ಒಡೆದ ಮೇಲೆ ಯಾರೋ ಬೆರಳಿನಿಂದ ಮೆತ್ತಿದ್ದರು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಕಸುಬು ಬೇಕು. ಇವರಿಗೆ ಅದೂ ಇರಲಿಲ್ಲ. ಇನ್ನು ನಳಿಗೆಯಲ್ಲಿ ನಿಜವಾಗಿಯೂ ಕೆಸರು ಕಟ್ಟಿಕೊಂಡಿದ್ದರೆ, ಎಲ್ಲಿ ಕಟ್ಟಿದೆಯೋ ಅಲ್ಲಿ ನಳಿಗೆ ಉಬ್ಬಬೇಕು ಅಥವಾ ಸೀಳಬೇಕು. ಕೆಸರು ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ನಳಿಗೆ ನೆಟ್ಟಗಿತ್ತು. ಹಾಳಾದದ್ದು ಹಿಂಭಾಗ. ಬೋಲ್ಟು ಬಿಗಿದು ಕೂತಿತ್ತು, ಅದರ ಕೆಳಗಿನ ಮರದ ಹಿಡಿ ಸೀಳಿತ್ತು. ಬಹಳ ಹೊತ್ತು ಗುದ್ದಾಡಿ ಹೊರತೆಗೆದ ಕೊಳವೆಯ ತಳ ಹರಿದು ಹಿಗ್ಗಿತ್ತು, ಪ್ರೈಮರ್ ಕಿತ್ತುಹೋಗಿತ್ತು. ಒಳಗಿನ ಒತ್ತಡ ಉಕ್ಕು ತಾಳುವುದಕ್ಕಿಂತ ಹೆಚ್ಚಾದಾಗ ಮಾತ್ರ ಹೀಗಾಗುತ್ತದೆ. ತಪ್ಪು ಕಾಲುವೆಯದಲ್ಲ, ಕಾಡತೂಸಿನದು.

ಮೇಲಧಿಕಾರಿಗಳ ಅಪ್ಪಣೆ ಪಡೆದು ಮರುದಿನ ತಾತ್ಯಾಸಾಹೇಬರ ಅಂಗಡಿಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಮತ್ತು ಠಾಣೆಯ ಬರವಣಿಗೆ ನೋಡುವ ರೈಟರ್ ಕಾನ್ಸ್‌ಟೇಬಲ್ ಜೊತೆಗಿದ್ದರು. ಪಂಚರಾಗಿ, ಅಂದರೆ ಜಪ್ತಿಗೆ ಸಾಕ್ಷಿಯಾಗಿ, ಅದೇ ಪೇಟೆಯ ಇಬ್ಬರು ಅಂಗಡಿಕಾರರನ್ನು ಕರೆದುಕೊಂಡೆವು. ಅಟ್ಟದ ಮೇಲಿನ ಖೋಲಿಯಲ್ಲಿ ಮೇಜು, ಒತ್ತುವ ಉಪಕರಣ, ವಿಲಾಯ್ತಿ ಮದ್ದಿನ ಡಬ್ಬಿ ಎಲ್ಲ ಬಯಲಿಗೇ ಇದ್ದವು. ಪುಟ್ಟ ತಕ್ಕಡಿ ಮಾತ್ರ ಕಪಾಟಿನ ಮೇಲೆ ಜೇಡರ ಬಲೆಯೊಳಗಿತ್ತು. ಅದರ ಬದಲು ತಾತ್ಯಾಸಾಹೇಬರು ಅಕ್ಕಸಾಲಿಗನಿಂದ ಬೆಳ್ಳಿಯ ಚಮಚವೊಂದನ್ನು ಮಾಡಿಸಿಕೊಂಡಿದ್ದರು. ಮದ್ದು ಅಳೆಯುವುದಕ್ಕೆ ಬೆಳ್ಳಿ.

"ನೀವು ಸ್ವಂತ ಕಾಡತೂಸು ತುಂಬ್ತೀರಂತಲ್ರಿ. ನಮಗೂ ತೋರಿಸ್ರಿ," ಎಂದೆ.

ಸಬ್ ಇನ್ಸ್‌ಪೆಕ್ಟರ್ ಬೇಡ ಎಂದು ಕಣ್ಣು ಮಿಟುಕಿಸಿದರು, ಕೆಮ್ಮಿದರು. ಪ್ರಯೋಜನವಾಗಲಿಲ್ಲ. ಹೊಗಳಿಕೆಯ ವಾಸನೆ ಬಡಿದರೆ ತಾತ್ಯಾಸಾಹೇಬರಿಗೆ ಮುಂದಿನದು ಕಾಣುತ್ತಿರಲಿಲ್ಲ. ತೋಳು ಮಡಚಿ ಕೂತೇಬಿಟ್ಟರು.

"ಇಂಥಾ ಕೆಲಸ ಇಡೀ ತಾಲೂಕಿನ್ಯಾಗ ಯಾರಿಗೂ ಬರೂದಿಲ್ರಿ. ತಕ್ಕಡಿ ಗಿಕ್ಕಡಿ ಕಲಿಯೋರಿಗೆ. ನಮ್ಮ ಕೈ ನಾಕು ತಲಿಮಾರಿನಿಂದ ಅಳತಿ ಮಾಡಿದ್ದು," ಎಂದು ಚಮಚ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ, ಮದ್ದನ್ನು ಕೊಳವೆಗೆ ಸುರಿದರು. ಅಲ್ಲಿಯವರೆಗೆ ತಪ್ಪಿರಲಿಲ್ಲ. ಚಮಚದ ಅಳತೆ ಮಿತಿಯ ಅಂಚಿಗೇ ಇತ್ತು, ಆದರೆ ಮಿತಿಯೊಳಗಿತ್ತು. ಮರುಕ್ಷಣ ಅವರ ಬಲಗೈಯ ಎರಡು ಬೆರಳು ಡಬ್ಬಿಗೆ ಇಳಿದು, ಒಂದು ಚಿಟಿಕೆ ಮದ್ದು ಎತ್ತಿ, ಕೊಳವೆಯೊಳಗೆ ಉದುರಿಸಿದವು. ಗುಂಡನ್ನು ಒತ್ತಿ, ಕಾಡತೂಸನ್ನು ನನ್ನ ಮುಂದೆ ನಿಲ್ಲಿಸಿದರು. ಪಂಚರಿಬ್ಬರೂ ಮೆಚ್ಚಿ ತಲೆಯಾಡಿಸಿದರು.

"ಕಡೀಕ ಮ್ಯಾಲೆ ಹಾಕಿದ್ದು ಏನ್ರಿ?" ಎಂದೆ.

"ಏನ್ ಹಾಕಿದ್ನಿ?" ಎಂದರು. ನಾಟಕವಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಉತ್ತರ ಕೊಟ್ಟವನು ಪಂಚರಲ್ಲಿ ಒಬ್ಬ. "ಕೊಸರು ಅಲ್ರಿ ಅದು? ಅಳತಿ ಅಂದಮ್ಯಾಲೆ ಕೊಸರು ಇರೂದಽ."

ನಮ್ಮ ಪೇಟೆಗಳಲ್ಲಿ ಸೇರು ಅಕ್ಕಿ ಅಳೆದ ಮೇಲೆ ಒಂದು ಹಿಡಿ, ಪಾವು ಬೇಳೆ ಅಳೆದ ಮೇಲೆ ನಾಲ್ಕು ಕಾಳು ಮೇಲೆ ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಮುಚ್ಚುವುದಿಲ್ಲ. ಆ ಮೇಲಿನದೇ ಕೊಸರು. ಜೀವಮಾನವೆಲ್ಲ ಕೊಸರು ಹಾಕಿದ ಕೈ, ಮದ್ದಿಗೂ ಹಾಕಿತ್ತು. ಅಕ್ಕಿ ಯಾವುದು ಮದ್ದು ಯಾವುದು ಎಂದು ಕೈಗೆ ಹೇಳಬೇಕಾದ ತಲೆ ಉಪನ್ಯಾಸ ಕೊಡುವುದರಲ್ಲಿ ಮುಳುಗಿತ್ತು. ಪೇಟೆಯವರು ಅನೇಕರು ಇದನ್ನು ನೋಡಿದ್ದರು, ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಅಲ್ಲೇ ಇದ್ದ ಪೆಟ್ಟಿಗೆಯಿಂದ ತುಂಬಿದ ಕಾಡತೂಸುಗಳನ್ನು ತೆಗೆದು, ಗುಂಡು ಕಿತ್ತು, ಮದ್ದನ್ನು ಎಲ್ಲರೆದುರು ತೂಗಿದೆ. ಒಂದರಂತೆ ಇನ್ನೊಂದಿರಲಿಲ್ಲ. ಎಲ್ಲವೂ ಹೆಚ್ಚು, ಕೆಲವಂತೂ ಹೆದರಿಕೆ ಹುಟ್ಟಿಸುವಷ್ಟು ಹೆಚ್ಚು. ಸಾಹೇಬರ ಹುರುಪು ಏರಿದ ದಿನ ಚಿಟಿಕೆಯೂ ದೊಡ್ಡದಾಗುತ್ತಿತ್ತೆಂದು ಕಾಣುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಮೂರ್ಖನೊಬ್ಬನ ಕಥೆಯಾಗಿ ಮುಗಿಯುತ್ತಿತ್ತು. ಆದರೆ ರೈಫಲ್ ಕದ್ದ ಆರೋಪ ಲಗಮಣ್ಣನ ತಲೆಯ ಮೇಲೆ ಇನ್ನೂ ಇತ್ತು. ಇನ್ನೊಂದು ವಿಷಯವೂ ನನ್ನನ್ನು ಕೊರೆಯುತ್ತಿತ್ತು. ಇಂಥ ಕಾಡತೂಸು ತುಂಬುವವನ ಎರಡು ಕಣ್ಣೂ ಇಷ್ಟು ದಿನ ಹೇಗೆ ನೆಟ್ಟಗಿವೆ?

"ಹೊಸಾ ತೂಸು ತುಂಬಿದ ಮ್ಯಾಲೆ ನೀವ ಹೊಡದ ನೋಡ್ತೀರೇನ್ರಿ?" ಎಂದು ಸಹಜವಾಗಿ ಕೇಳಿದೆ.

"ಛೇ ಛೇ," ಎಂದು ನಕ್ಕರು. "ಹೊಸಾ ಖೇಪಿಂದು ಮೊದ್ಲ ಲಗಮಣ್ಣನ ಕೈಲೇ ಹೊಡಸ್ತೀನ್ರಿ. ಯಾವಾಗ್ಲೂ ಹಂಗಽ. ಎರಡ ಮೂರ ಅಂವ ಹೊಡದು, ಸುದ್ದ ಐತಿ ಅಂದ್ರ ಆಮ್ಯಾಲೆ ನಾ ಮುಟ್ಟೂದು. ನಮ್ಮ ಜೀಂವಾ ನಾವ ನೋಡ್ಕೋಬೇಕಲ್ರಿ?"

ಸಬ್ ಇನ್ಸ್‌ಪೆಕ್ಟರ್ ತಮ್ಮ ಬೂಟು ನೋಡಿಕೊಂಡರು. ಏನು ಹೇಳಿಬಿಟ್ಟೆನೆಂದು ತಾತ್ಯಾಸಾಹೇಬರಿಗೆ ಆಗಲೂ ಹೊಳೆದಿರಲಿಲ್ಲ. ಚಹಾ ತರಿಸಲೇ ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯಿತು. ಅಜ್ಞಾನವೆಂದು ನಾನು ತಿಳಿದಿದ್ದರಲ್ಲಿ ಅರ್ಧ ಜಾಣತನವಿತ್ತು. ಒಡೆಯಬಹುದು ಎಂದು ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ಸಲ ಇನ್ನೊಬ್ಬನ ಕೆನ್ನೆಗೆ ಆನಿಸಿ ಪರೀಕ್ಷೆ ಮಾಡುತ್ತಿದ್ದ. ಒಡೆದಾಗ, ಆ ಇನ್ನೊಬ್ಬನನ್ನೇ ಕಳ್ಳನೆಂದು ಬರೆಸಿದ.

"ಇವರು ಹೇಳಿದ್ದನ್ನ ಇದ್ದಂಗ ಬರಕೊಳ್ರಿ," ಎಂದು ರೈಟರ್ ಕಾನ್ಸ್‌ಟೇಬಲ್‌ಗೆ ಹೇಳಿದೆ. ಅವನು ಸಬ್ ಇನ್ಸ್‌ಪೆಕ್ಟರ್ ಮುಖ ನೋಡಿದ. ನಾನು ಇನ್ನೊಮ್ಮೆ ಹೇಳಿದೆ. ಬರೆದ. ಪಂಚರು ಸಹಿ ಮಾಡಿದರು.

ಆ ಮಾತು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತಿತ್ತೋ ವಕೀಲರೇ ಬಲ್ಲರು. ಆದರೆ ಅದರ ಜೊತೆ ನನ್ನ ವರದಿ, ಬಾಡದ ಹುಲ್ಲಿನೆಸಳು, ತೂಗಿದ ಮದ್ದು ಎಲ್ಲ ಮೇಲಿನವರ ಮೇಜಿಗೆ ಹೋದ ಮೇಲೆ ಲಗಮಣ್ಣನ ಮೇಲಿನ ಕೇಸು ಬಿದ್ದುಹೋಯಿತು. ತಾತ್ಯಾಸಾಹೇಬರ ರೈಫಲ್ ಲೈಸೆನ್ಸ್ ರದ್ದಾಯಿತು. ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸಿದ ಪ್ರಕರಣ ತಾರೀಖಿನಿಂದ ತಾರೀಖಿಗೆ ಎಳೆದಾಡಿಕೊಂಡು ಹೋಯಿತು. ಪೇಟೆಯಲ್ಲಿ ಅವರ ಮರ್ಯಾದೆಗೆ ಕುಂದು ಬಂದದ್ದನ್ನು ನಾನು ಕಾಣಲಿಲ್ಲ. ಮುಂದಿನ ತಪಾಸಣೆಗೆ ಹೋದಾಗ ಅವರು ಯಾವುದೋ ಉದ್ಘಾಟನೆಗೆ ಹಾರ ಹಾಕಿಸಿಕೊಂಡು ಕೂತಿದ್ದರು. ಹಾರ ಹಾಕಿದವರಲ್ಲಿ ನಮ್ಮ ಪಂಚನೂ ಒಬ್ಬ.

ಕೇಸು ಬಿದ್ದುಹೋದ ಸುದ್ದಿ ಹೇಳಲು ನಾನೇ ಕರೋಶಿಗೆ ಹೋದೆ. ಕಾಗದ ತಲುಪಿಸುವ ವಿಷಯದಲ್ಲಿ ಆ ಠಾಣೆಯನ್ನು ನಂಬುವಂತಿರಲಿಲ್ಲ. ಲಗಮಣ್ಣ ಕಟ್ಟೆಯ ಮೇಲೆ ಕೂತಿದ್ದ, ಕಣ್ಣಿಗೆ ಪಟ್ಟಿ. ಬಾಗಿಲಲ್ಲಿ ಹೆಂಡತಿ ಸತ್ಯವ್ವ ನಿಂತಿದ್ದಳು. ನನ್ನನ್ನು ನೋಡಿದ ಕೂಡಲೇ ಅವನು ಎದ್ದು ಕೈ ಮುಗಿದ.

"ಧಣ್ಯಾರ ಬಂದೂಕ ನನ್ನ ಕೈಯಾಗ ಕೆಟ್ಟ ಹೋತ್ರಿ ಸಾಹೇಬ್ರ," ಎಂದ. ಕೆಸರು ತುಂಬಿಸಿದ್ದು ನೀನೇ ಎಂದು ಆಸ್ಪತ್ರೆಯಲ್ಲಿ ಅವನಿಗೆ ಹೇಳಿದ್ದರಂತೆ. ಇರಬಹುದು ಎಂದು ಅವನೂ ಒಪ್ಪಿಕೊಂಡಿದ್ದ.

ನಾನು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಸತ್ಯವ್ವ ಗಂಡನ ಕಡೆ ತಿರುಗಿದಳು. "ಪ್ರತಿ ಸರತಿ ಮೊದ್ಲ ನಿನ್ನ ಕೈಗೇ ಯಾಕ ಕೊಡ್ತಾರ ಅಂತ ಒಮ್ಮೇರ ಕೇಳಿದ್ದೇನು?"

"ನನ್ನ ಗುರಿ ಛಲೋ ಐತಿ ಅಂತ ಕೊಡ್ತಾರ ಅಂತ ತಿಳಕೊಂಡಿದ್ನಿ," ಎಂದ ಲಗಮಣ್ಣ.

ಆಮೇಲೆ ನಿವೃತ್ತಿಯಾಗುವವರೆಗೆ ಒಡೆದ ಬಂದೂಕುಗಳು ನನ್ನ ಮೇಜಿಗೆ ಬರುತ್ತಲೇ ಇದ್ದವು. ಕಬ್ಬಿಣವನ್ನು ಮುಟ್ಟುವ ಮೊದಲು ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಒಡೆದಾಗ ಹಿಡಿದಿದ್ದವರು ಯಾರು, ಕೊಟ್ಟವರು ಯಾರು? ಹಿಡಿದವನೂ ಮಾಲೀಕನೂ ಒಬ್ಬನೇ ಆಗಿದ್ದ ಪ್ರಕರಣ ನನ್ನ ಕೆಲಸದ ಉದ್ದಕ್ಕೂ ಒಂದೂ ಬರಲಿಲ್ಲ.