ಬೆಳಕಿಂಡಿಯಿಂದ ಇಳಿದ ತಂತಿ

೨೦೨೩ರ ಜೂನ್ ೧೨, ಸೋಮವಾರ. ಆಧಾರ: ವಿಜಯಪುರದಿಂದ ಸಿಂದಗಿಗೆ ಬಂದ ಬಸ್ಸಿನ ಟಿಕೆಟು. ನನ್ನ ಪಂಚಾಂಗದ ಪುಟಗಳ ನಡುವೆ ಅದು ಇನ್ನೂ ಇದೆ. ವಾರವನ್ನು ಆ ಪಂಚಾಂಗದಿಂದಲೇ ತಾಳೆ ನೋಡಿದ್ದೇನೆ. ಅಂದು ಸಂಜೆ ನಾನು ಮೈಸೂರು ಬಿಟ್ಟು ಸಿಂದಗಿಯ ನಿವಾಸಿಯಾದೆ. ಮರುದಿನ ಬೆಳಗ್ಗೆ ಕಣ್ಣು ತೆರೆದಾಗ ನನ್ನ ಕೋಣೆಯ ಚಾವಣಿಯಲ್ಲಿ ಒಂದು ಮುಖವಿತ್ತು.

“ಅಕ್ಕಾರ, ಎದ್ರ್ಯಾ? ಚಾ ಇಡ್ತೇನಿ. ಸಕ್ಕರಿ ಎಷ್ಟ್ ಹಾಕ್ಲಿ?” ಎಂದು ಮುಖ ಕೇಳಿತು.

ಮಲಗಿದಲ್ಲಿಂದಲೇ “ಅರ್ಧ ಚಮಚ” ಎಂದೆ.

“ಅರ್ಧ ಚಮಚ? ಅದು ಚಾ ಅಲ್ರಿ, ಕಷಾಯ,” ಎಂದು ಮುಖ ಮಾಯವಾಯಿತು. ಅದಿದ್ದ ಜಾಗದಿಂದ ಒಂದು ಬಿಸಿಲ ಬಿಲ್ಲೆ ನನ್ನ ಹೊದಿಕೆಯ ಮೇಲೆ ಬಿದ್ದಿತು.

ಆ ಮುಖ ಮನೆಯ ಯಜಮಾನಿ ನೀಲವ್ವ ಅವರದು. ಅವರ ಮನೆಯ ಮುಂಭಾಗ ಹೊಸತು, ಸಿಮೆಂಟಿನದು. ನಾನು ಬಾಡಿಗೆಗೆ ಹಿಡಿದ ಹಿಂಭಾಗದ ಕೋಣೆ ಹಳೆಯದು. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಚಾವಣಿ. ಇದಕ್ಕೆ ಇಲ್ಲಿ ಮಾಳಿಗಿ ಎನ್ನುತ್ತಾರೆ. ಕಿಟಕಿ ಇಲ್ಲದ ಇಂಥ ಕೋಣೆಗಳಿಗೆ ಚಾವಣಿಯಲ್ಲಿಯೇ ಒಂದು ತೂತು ಬಿಟ್ಟಿರುತ್ತಾರೆ, ಅದು ಬೆಳಕಿಂಡಿ. ಮೈಸೂರಿನಲ್ಲಿ ನನಗೆ ಬೆಳಕು ಪಕ್ಕದಿಂದ, ಪರದೆಯನ್ನು ದಾಟಿ, ಅನುಮತಿ ಕೇಳಿಕೊಂಡು ಬರುತ್ತಿತ್ತು. ಇಲ್ಲಿ ನೆತ್ತಿಯ ಮೇಲಿನಿಂದ ನೇರವಾಗಿ ಇಳಿಯುತ್ತದೆ. ಮನುಷ್ಯರ ಮಾತೂ ಹಾಗೆಯೇ ಎಂಬುದು ಒಂದೆರಡು ವಾರಗಳಲ್ಲಿ ತಿಳಿಯಿತು.

ಬೆಳಕಿಂಡಿಗೆ ಒಂದು ಮುಚ್ಚುಗಲ್ಲು ಇದೆ. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಎಳೆದು ಮುಚ್ಚಬೇಕು. ಮೊದಲ ಹನಿ ಯಾರ ಕಣ್ಣಿಗೆ ಬೀಳುತ್ತದೋ ಅವರು ಕೂಗಿ ಹೇಳಬೇಕೆಂಬುದು ಮನೆಯ ನಿಯಮ. ಬೆಳಕಿಂಡಿಯ ಕೆಳಗೆ ಕುಳಿತು ಕೆಲಸ ಮಾಡುವ ನನ್ನ ಮೇಲೆಯೇ ಮೊದಲ ಹನಿ ಬೀಳುವುದರಿಂದ ಆ ಹೊಣೆ ನನ್ನದಾಯಿತು. ಜೂನ್‌ನಲ್ಲಿ ಒಂದು ಸಲ “ನೀಲವ್ವನವರೇ, ಮಳೆ ಬರುವಂತೆ ಕಾಣುತ್ತಿದೆ” ಎಂದು ನಾನು ಮುಂಬಾಗಿಲಿಗೆ ಹೋಗಿ ತಿಳಿಸುವಷ್ಟರಲ್ಲಿ ಹಾಸಿಗೆ ತೊಯ್ದುಹೋಗಿತ್ತು.

“ಅಕ್ಕಾರ, ನೀವು ಹಿಂಗ್ ಭಾಷಣ ಮಾಡಿದ್ರ ಮಳಿ ನಿಂದ್ರೂದಿಲ್ರಿ. ಬಾಯಿ ಮಾಡ್ರಿ, ಬಾಯಿ,” ಎಂದರು ನೀಲವ್ವ.

ಈ ವಯಸ್ಸಿನಲ್ಲಿ ಇಲ್ಲಿಗೆ ಬಂದುದಕ್ಕೆ ಕಾರಣವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಶಾಸನಗಳನ್ನು ಓದುವುದರಲ್ಲಿಯೇ ನನ್ನ ವೃತ್ತಿಯ ಬಹುಭಾಗ ಕಳೆಯಿತು. ಬರುವುದು, ಕಲ್ಲಿಗೆ ಒದ್ದೆ ಕಾಗದ ಒತ್ತಿ ಮಸಿಯ ಪಡಿಯಚ್ಚು ತೆಗೆಯುವುದು, ರೈಲು ಹತ್ತುವುದು. ಸಂದೇಹ ಬಂದಾಗ ಕಲ್ಲು ಬಹಳ ದೂರವಿರುತ್ತಿತ್ತು. ನಿವೃತ್ತಿಯ ನಂತರವಾದರೂ ಕಲ್ಲಿನ ಹತ್ತಿರ ಇದ್ದು, ಸಂದೇಹವಿರುವ ಪ್ರತಿಯೊಂದು ಅಕ್ಷರವನ್ನೂ ಮತ್ತೊಮ್ಮೆ ನೋಡಿ, ಪುಸ್ತಕ ಮುಗಿಸಬೇಕೆಂದು ನಿಶ್ಚಯಿಸಿದೆ.

ಪುಸ್ತಕ ನನ್ನೊಬ್ಬಳದಲ್ಲ. ಮೈಸೂರಿನಲ್ಲಿರುವ ಗೆಳತಿ ವಿಮಲಾ ಸಹಸಂಪಾದಕಿ. ಅವಳ ಕಣ್ಣು ಈಗ ಅಕ್ಷರ ಹಿಡಿಯುವುದಿಲ್ಲ. ಆದರೆ ಶಕವರ್ಷ, ಸಂವತ್ಸರ, ತಿಥಿಗಳನ್ನು ಕೇಳಿಸಿದರೆ ವಾರ ಹೊಂದುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲಿಯೇ ಗಣಿಸಿ ಹೇಳಬಲ್ಲಳು. ಪ್ರತಿ ಗುರುವಾರ ಸಂಜೆ ನಾನು ವೀಡಿಯೊ ಕರೆಯಲ್ಲಿ ಓದಬೇಕು, ಅವಳು ಕೇಳಬೇಕು ಎಂದು ಒಪ್ಪಂದ. ಬರೆದುಕೊಳ್ಳಲಾಗದ ಕಾರಣ ಅವಳು ಪ್ರತಿ ಓದನ್ನೂ ಧ್ವನಿಮುದ್ರಿಸಿಡುತ್ತಿದ್ದಳು.

ಕಲ್ಲಿನ ಗೋಡೆ ಈ ಒಪ್ಪಂದವನ್ನು ಮಾನ್ಯ ಮಾಡಲಿಲ್ಲ. ನೀಲವ್ವ ಅವರ ಪಡಸಾಲೆಯಲ್ಲಿ, ಅಂದರೆ ಮುಂಭಾಗದ ಹಜಾರದಲ್ಲಿ, ವೈಫೈ ಇತ್ತು. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದ ಸೊಸೆ ಸವಿತಾಳಿಗಾಗಿ ಹಾಕಿಸಿದ್ದು. ಅದರ ತರಂಗ ನನ್ನ ಕೋಣೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ನನ್ನ ಮೊಬೈಲಿನ ನೆಟ್ಟು ಅದಕ್ಕಿಂತ ದುರ್ಬಲ. “ಶಾರ್ವರಿ ಸಂವತ್ಸರದ” ಎನ್ನುವಷ್ಟರಲ್ಲಿ ವಿಮಲಾ ಬಾಯಿ ತೆರೆದಂತೆಯೇ ಸ್ಥಿರಚಿತ್ರವಾಗುತ್ತಿದ್ದಳು. ಜುಲೈ ಕಳೆಯುವುದರೊಳಗೆ ಅವಳ ತಾಳ್ಮೆಯೂ ಕಳೆಯಿತು.

“ಪುಸ್ತಕ ಮುಗಿಸುವುದಾದರೆ ನೀನು ವಾಪಸ್ ಬಾ. ದೀಪಾವಳಿಗೆ ಮೊದಲು ಕರಡು ಅಚ್ಚಿಗೆ ಹೋಗಬೇಕು. ಕಲ್ಲಿನ ಪಕ್ಕದಲ್ಲಿ ನೀನಿದ್ದು, ನಿನ್ನ ಪಕ್ಕದಲ್ಲಿ ನಾನಿಲ್ಲದೆ ಏನು ಪ್ರಯೋಜನ?” ಎಂದಳು.

ನ್ಯಾಯವಾದ ಮಾತು. ಆದರೆ ಹೋದರೆ ಮತ್ತೆ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಸಂಜೆ ಊಟ ಬೇಡವಾಯಿತು. ಮೈಸೂರಿನಲ್ಲಾಗಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ನೀಲವ್ವ ರೊಟ್ಟಿ, ಪುಂಡಿಪಲ್ಯ ಹಿಡಿದುಕೊಂಡು ಬಂದು ಎದುರಿಗೆ ಕುಳಿತರು. ವಿಷಯ ಕೇಳಿ, “ಇಷ್ಟಕ್ಕ ಊರ ಬಿಡ್ತೀರೇನ್ರಿ? ಗ್ವಾಡಿ ದಾಟಂಗಿಲ್ಲಂದ್ರ ಮ್ಯಾಲಿಂದ ತರೂಣು,” ಎಂದು ಬೆಳಕಿಂಡಿಯತ್ತ ಬೆರಳು ತೋರಿಸಿದರು.

ಕೇಬಲ್ ಟೀವಿಯ ಸಿದ್ದಣ್ಣ “ನಾಳಿ ಬರ್ತೇನ್ರಿ” ಎಂದು ಹಲವು ನಾಳೆಗಳ ನಂತರ, ಆಗಸ್ಟ್ ಕೊನೆಗೆ ಬಂದ. ಪಡಸಾಲೆಯ ರೌಟರಿನಿಂದ ಒಂದು ಕೇಬಲ್ಲನ್ನು ಮಾಳಿಗೆಯ ಮೇಲೆ ಹಾಯಿಸಿ, ಬೆಳಕಿಂಡಿಯಿಂದ ಕೆಳಗಿಳಿಸಿ, ನನ್ನ ಮೇಜಿನ ಮೇಲೆ ಎರಡನೆಯ ರೌಟರಿಗೆ ಸೇರಿಸಿದ. ಹಸಿರು ದೀಪ ಹತ್ತಿತು. ಒಂದೇ ಸಂಪರ್ಕ, ಎರಡು ಕೋಣೆ: ಸವಿತಾಳ ಕಂಪ್ಯೂಟರು ಮುಂದೆ, ನನ್ನದು ಹಿಂದೆ. ವಿಮಲಾ ಮೊದಲ ಬಾರಿಗೆ ಅಲುಗಾಡಿದಳು.

ಸಂತೋಷ ಒಂದೇ ವಾರದ್ದು. ಮುಂದಿನ ಗುರುವಾರ ವಿಮಲಾ ಮತ್ತೆ ಸ್ಥಿರಚಿತ್ರ. ವಿಚಾರಿಸಿದಾಗ ತಿಳಿಯಿತು: ಓಣಿಯಲ್ಲಿ ಕೇಳಿದವರಿಗೆಲ್ಲ ನೀಲವ್ವ ಪಾಸ್‌ವರ್ಡ್ ಕೊಟ್ಟಿದ್ದರು, ಸಂಜೆಯಾದರೆ ಅಕ್ಕಪಕ್ಕದ ಮನೆಗಳವರೆಲ್ಲ ನಮ್ಮ ನೆಟ್ಟಿನಲ್ಲಿ ಸಿನಿಮಾ ನೋಡುತ್ತಿದ್ದರು. ಪಾಸ್‌ವರ್ಡ್ ಬದಲಿಸೋಣವೆಂದೆ.

“ಹೆಪ್ಪಿಗೆ ಮಜ್ಜಗಿ ಕೇಳಿದ್ರ ಇಲ್ಲ ಅಂತೀವೇನ್ರಿ? ಇದೂ ಹಂಗ. ಕೊಟ್ಟಿದ್ದು ತಿರಗಿ ಇಸ್ಕೊಳ್ಳೂದು ಚಲೋ ಅನಸೂದಿಲ್ಲ,” ಎಂದರು. ಆಮೇಲೆ, “ನಳದ ನೀರಿಗೆ ಪಾಳಿ ಐತಿ. ನೆಟ್ಟಿಗ್ಯಾಕ ಇರಬಾರದು?” ಎಂದರು.

ಪಾಳಿ ಎಂದರೆ ಸರದಿ. ನಲ್ಲಿಯಲ್ಲಿ ನೀರು ಬಂದಾಗ ಯಾರ ಕೊಡ ಮೊದಲು, ಯಾರದು ನಂತರ ಎಂಬುದನ್ನು ಓಣಿಯ ಹೆಂಗಸರು ಜಗಳವಾಡಿಯೇ ನಿರ್ಧರಿಸಿರುತ್ತಾರೆ. ನಿರ್ಧಾರವಾದ ಮೇಲೆ ಯಾರೂ ಮುರಿಯುವುದಿಲ್ಲ. ಹಾಗೆ ನೆಟ್ಟಿನ ಪಾಳಿ ಬಂತು. ಗುರುವಾರ ಸಂಜೆ ನನ್ನದು. ಉಳಿದ ಸಂಜೆ ಸವಿತಾಳ ತರಗತಿ. ಅವಳದು ಮುಗಿದ ಮೇಲೆ ಓಣಿಗೆ ಸಿನಿಮಾ. ಗುರುವಾರ ಯಾರ ಮನೆಯಿಂದಲಾದರೂ ಹಾಡು ಕೇಳಿಸಿದರೆ ನೀಲವ್ವ ಮಾಳಿಗೆಯಿಂದಲೇ ಕೂಗುತ್ತಿದ್ದರು: “ಏ, ಅಕ್ಕಾರ ಪಾಳಿ ಐತಿ. ಬಂದ್ ಮಾಡ್ರಿ.” ಮೈಸೂರಿನಲ್ಲಿ ನನ್ನ ಸಂಶೋಧನೆಗೆ ಇಷ್ಟು ಬಹಿರಂಗವಾದ ರಕ್ಷಣೆ ಎಂದೂ ದೊರೆತಿರಲಿಲ್ಲ.

ತಂತಿ ಇಳಿದ ಮೇಲೆ ಸಿಂದಗಿಗೆ ಮಳೆಯೇ ಬರಲಿಲ್ಲ; ಮೋಡಗಳು ನಮ್ಮನ್ನು ನೋಡಿಕೊಂಡು ಇಂಡಿಯ ಕಡೆ ಹೋಗುತ್ತಿದ್ದವು. ಕೊನೆಯ ಓದಿನ ಗುರುವಾರ ಬಂತು. ಮರುದಿನ ಕರಡು ಅಚ್ಚಿಗೆ. ತಪ್ಪಿದರೆ ನಾನು ಗಂಟು ಕಟ್ಟುವುದೆಂದು ವಿಮಲಾಳಿಗೆ ಮಾತು ಕೊಟ್ಟಿದ್ದೆ. ಕೆಲವೇ ಶಾಸನಗಳು ಉಳಿದಿರುವಾಗ ಬೆಳಕಿಂಡಿ ಕಪ್ಪಿಟ್ಟಿತು. ಮೇಲೆ ದಡದಡನೆ ಹೆಜ್ಜೆ. ಕಲ್ಲು ಎಳೆದ ಸದ್ದು. ರೌಟರಿನ ಹಸಿರು ದೀಪ ಆರಿತು. ಮುಚ್ಚುಗಲ್ಲು ತಂತಿಯನ್ನು ಅಂಚಿಗೆ ಒತ್ತಿ ಜಜ್ಜಿಹಾಕಿತ್ತು.

ನೀಲವ್ವ ತೊಯ್ದ ಸೆರಗಿನಲ್ಲಿಯೇ ಒಳಗೆ ಬಂದು, ತುಂಡಾದ ತಂತಿಯನ್ನು ನೋಡಿ, “ನನ್ನ ಕೈಗಿಷ್ಟು ಬೆಂಕಿ ಹಾಕ. ಮಳಿ ಅಂದಕೂಡ್ಲೆ ಕಲ್ಲಿಗೇ ಹೋಗತೈತಿ,” ಎಂದರು. ನಾನು ತಂತಿಯ ತುದಿಯನ್ನು ರೌಟರಿನಿಂದ ಕಿತ್ತು ಮತ್ತೆ ಸಿಕ್ಕಿಸಿ ನೋಡಿದೆ. ದೀಪ ಹತ್ತಲಿಲ್ಲ.

ಸವಿತಾ ಮಾತ್ರ ನನ್ನ ಪಡಿಯಚ್ಚುಗಳ ಸುರುಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಆಗಲೇ ಅಂಗಳ ದಾಟಿದ್ದಳು. “ಬರ್ರಿ ಅಕ್ಕಾರ. ಮುಂದಿನ ರೌಟರ್ ಜೀವಂತ ಐತಿ.” ಪಡಸಾಲೆಯಲ್ಲಿ ಅವಳ ಪಠ್ಯಪುಸ್ತಕಗಳನ್ನು ಸರಿಸಿ ನನ್ನನ್ನು ಕೂರಿಸಿದಳು. ಉಳಿದುದನ್ನು ಮನೆಯವರೆಲ್ಲರ ನಡುವೆ ಓದಿದೆ. ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ನೀಲವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಅಲ್ರಿ, ಆಗ ಸೋಮಾರ ಇತ್ತೋ ಮಂಗಳಾರ ಇತ್ತೋ, ಈಗ ಯಾರಿಗಿ ಬೇಕಾಗೈತ್ರಿ?” ಎಂದು ಕೇಳಿದರು.

ಪರದೆಯ ಮೇಲಿನಿಂದ ವಿಮಲಾ ಉತ್ತರಿಸಿದಳು: “ನಮ್ಮಿಬ್ಬರಿಗೆ ಬೇಕಮ್ಮ.”

“ಹಂಗಾರ ಓದ್ರಿ ಮತ್ತ. ನಾ ಮರಾ ಸಪ್ಪಳ ಮಾಡೂದಿಲ್ಲ.”

ಮಳೆ ನಿಲ್ಲುವ ಮೊದಲೇ ಓದು ಮುಗಿಯಿತು. ಕರಡು ಸಮಯಕ್ಕೆ ಹೋಯಿತು. ನಾನು ಗಂಟು ಕಟ್ಟಲಿಲ್ಲ. ಸಿದ್ದಣ್ಣ ಬೆಳಕಿಂಡಿಯ ಅಂಚಿನಲ್ಲಿ ಸಣ್ಣ ಕೊಳವೆ ಕೂರಿಸಿ ಅದರೊಳಗಿಂದ ಹೊಸ ತಂತಿ ಇಳಿಸಿದ. ಈಗ ಕಲ್ಲು ಮುಚ್ಚಿದರೂ ದೀಪ ಹಸಿರಾಗಿಯೇ ಇರುತ್ತದೆ. ಮೈಸೂರಿಗೆ ವರ್ಷಕ್ಕೊಮ್ಮೆ ಹೋಗುತ್ತೇನೆ. ಅಲ್ಲಿ ಬೆಳಗ್ಗೆ ಎದ್ದೊಡನೆ ಚಾವಣಿಯನ್ನು ನೋಡುತ್ತೇನೆ, ಯಾರೂ ಇರುವುದಿಲ್ಲ. ಇಲ್ಲಿ ಸಂಜೆ ವಿಮಲಾಳ ಕರೆ ಮುಗಿದ ಮೇಲೆ ಅವಳ ಹಿಂದೆ ಕಾಣುವ ಕಿಟಕಿ, ಅದರಾಚೆಯ ಸಂಪಿಗೆ ಮರ, ಬಹಳ ಹೊತ್ತು ಕಣ್ಣಲ್ಲಿ ಉಳಿಯುತ್ತವೆ.

ಇದನ್ನು ಬರೆಯುವ ಮೊದಲು ಆ ಗುರುವಾರದ ವಿವರಗಳನ್ನು ಪರಿಶೀಲಿಸಬೇಕೆನಿಸಿ, ವಿಮಲಾಳಿಂದ ಧ್ವನಿಮುದ್ರಣ ತರಿಸಿಕೊಂಡೆ. ನೀಲವ್ವ ತಾವಾಗಿಯೇ ಓಡಿ ಕಲ್ಲು ಎಳೆದರೆಂಬುದು ನನ್ನ ನೆನಪು. ಓಣಿಯಲ್ಲಿ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ, ನೀಲವ್ವ ಕೂಡ ಒಪ್ಪಿ ನಕ್ಕಿದ್ದಾರೆ. ಮುದ್ರಣದಲ್ಲಿ ನಾನು ಒಂದು ತಿಥಿಯನ್ನು ಓದುತ್ತಿದ್ದೇನೆ. ಓದು ನಿಲ್ಲುತ್ತದೆ. ಆಮೇಲೆ ಹೆಂಗಸೊಬ್ಬಳ ದೊಡ್ಡ ದನಿ: “ನೀಲವ್ವಾ, ಮಳಿ ಬಂತ್ರಿ, ಬೆಳಕಿಂಡಿ ಮುಚ್ರಿ.”

ಇಷ್ಟನ್ನು ನಾನು ನೀಲವ್ವ ಅವರಿಗೆ ಕೇಳಿಸಿದೆ. “ಯಾರ ದನೀರಿ ಇದು? ನಮ್ಮ ಓಣ್ಯಾಕಿ ಇದ್ದಂಗೈತಿ,” ಎಂದರು.

ಮುದ್ರಣದಲ್ಲಿ ಆ ಕೂಗಿನ ಬೆನ್ನಿಗೇ, ಅದೇ ಕಂಠದಲ್ಲಿ, ಮೈಸೂರಿನವಳೊಬ್ಬಳು ಮೆಲ್ಲಗೆ ಹೇಳುತ್ತಾಳೆ: “ಒಂದ್ನಿಮಿಷ ಇರು ವಿಮಲಾ, ಮಳೆ ಬರ್ತಾ ಇದೆ.” ಮುದ್ರಣ ಅಲ್ಲಿಗೆ ಕಡಿದುಹೋಗಿದೆ.