ತಪ್ಪಿಗೊಂದು ವಾಕ್ಯ

ನಮ್ಮ ಬೀದಿಯ ಸೋಫಾ ಮಾಮ ಕೆಲಸ ಮಾಡುವುದನ್ನು ನೀವು ಒಂದು ಸಲವಾದರೂ ನೋಡಬೇಕು ಕಣ್ರೀ! ಹರಿದ ಸೋಫಾದ ಮೈಯೆಲ್ಲ ಬಿಚ್ಚಿ, ಹಳೇ ಸ್ಪ್ರಿಂಗು ಬಿಗಿದು, ಹೊಸ ಫೋಮು ತುಂಬಿ, ಮೇಲೆ ರೆಕ್ಸಿನ್ ಎಳೆದು ಕೂರಿಸುತ್ತಾರೆ. ತುಟಿಯ ನಡುವೆ ಸಾಲಾಗಿ ಸಣ್ಣ ಮೊಳೆ. ಒಂದೊಂದೇ ತೆಗೆದು ಟಕಟಕ ಹೊಡೆಯುತ್ತ, ಉಳಿದ ಮೊಳೆಗಳ ಸಂದಿಯಲ್ಲೇ ಚರ್ಚಿನ ಹಾಡು ಗುನುಗುತ್ತಾರೆ. ಪಕ್ಕದಲ್ಲಿ ಹೊಲಿಗೆ ಮಿಷಿನ್ ಮುಂದೆ ಕವರ್ ಹೊಲಿಯುವ ಅವರ ಹೆಂಡತಿ, ನಮಗೆಲ್ಲ ಅತ್ತೆ, ತಲೆಯೆತ್ತದೆ ಬಯ್ಯುತ್ತಾರೆ.

"ರೀ, ಒಂದಿನ ರಾಗದ್ ಜೊತೆ ಮೊಳೆನೂ ಒಳಗ್ ಹೋಗುತ್ತೆ. ಡಾಕ್ಟ್ರು ಅಯಸ್ಕಾಂತ ತರ್ಬೇಕಾಗುತ್ತೆ ಅಷ್ಟೆ!"

ಮಾಮನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಮಗ, ಮಗಳು ಇಬ್ಬರೂ ಯೇಸುವನ್ನು ಅಪ್ಪನ ದೇವರೆಂದಲ್ಲ, ತಮ್ಮದೇ ದೇವರೆಂದು ಹಿಡಿದುಕೊಳ್ಳಬೇಕು. ಇದೊಂದೇ. ಬೀದಿಯಲ್ಲಿ ಯಾರೂ ಅವರ ನಂಬಿಕೆಗೆ ಅಡ್ಡ ಬಂದವರಲ್ಲ. ಜಗಳಕ್ಕೆ ಬಂದಿದ್ದರೆ ಎದುರು ನಿಲ್ಲಬಹುದಿತ್ತು. ಇಲ್ಲಿ ಸುಮ್ಮನೆ ಯಾರಿಗೂ ದೇವರ ನೆನಪೇ ಇಲ್ಲ. ಭಾನುವಾರ ಬೆಳಿಗ್ಗೆ ಅಂದರೆ ಆಟದ ಪಂದ್ಯ, ಗೆಳೆಯರ ಹುಟ್ಟುಹಬ್ಬ, ಅಂಗಡಿಯ ರಿಯಾಯಿತಿ. ಆರಾಧನೆಗೆ ಹೊರಟ ಮಕ್ಕಳನ್ನು ಎದುರುಮನೆಯವರು "ಪಾಪ, ರಜಾ ದಿನಾನೂ ಕ್ಲಾಸಾ?" ಎಂದು ಕನಿಕರದಿಂದಲೇ ಕೇಳುತ್ತಿದ್ದರು.

ಮಾಮ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಬದಲಿಗೆ ಒಂದು ಉಪಾಯ ಮಾಡಿಕೊಂಡರು. ತಪ್ಪು ಮಾಡಿದರೆ ಬೈಬಲಿನಿಂದ ದೇವರ ವಾಕ್ಯವೊಂದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕು. ಲೋಟ ಒಡೆದರೆ ಚಿಕ್ಕ ವಾಕ್ಯ. ಸುಳ್ಳು ಹೇಳಿದರಂತೂ ಇಡೀ ಅಧ್ಯಾಯ! ಏಟೂ ಇಲ್ಲ, ವಾಕ್ಯವೂ ಒಳಗಿಳಿಯಿತು ಅಂತ ಅವರಿಗೆ ಖುಷಿ. ಮಗನೋ ಮಹಾ ಪೋಲಿ. ಹಾಗಾಗಿ ಚರ್ಚಿನ ಸಭೆಯಲ್ಲಿ ಅವನಷ್ಟು ವಾಕ್ಯ ಗೊತ್ತಿದ್ದ ಹುಡುಗ ಇನ್ನೊಬ್ಬನಿರಲಿಲ್ಲ. ಅವನು ನಿಂತು ಗಡಗಡ ಹೇಳಿದರೆ ಹಿರಿಯರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ಮಾಮ ನೆಲ ನೋಡುತ್ತ ನಗುತ್ತಿದ್ದರು.

ಕಾಲೇಜು ಸೇರಿದ ಮೇಲೆ ಆ ಮಗ ಚರ್ಚಿಗೆ ಬರುವುದನ್ನೇ ಬಿಟ್ಟ. ಯಾಕೋ ಎಂದು ಕೇಳಿದ್ದಕ್ಕೆ ಕೋಪವೇನೂ ಇಲ್ಲದೆ ಹೇಳಿದ. "ಅಪ್ಪಾ, ಬೇರೆಯೋರಿಗೆ ದೇವರ ಮಾತು ಕೇಳಿದ್ರೆ ಸಮಾಧಾನ ಆಗುತ್ತಂತೆ. ನಂಗೆ ಯಾವ ವಾಕ್ಯ ಕೇಳಿದ್ರೂ ಯಾವ ತಪ್ಪಿಗೆ ಅಂತ ನೆನಪಾಗುತ್ತೆ. ನಾನ್ಯಾಕೆ ಬರ್ಲಿ ಹೇಳಿ?"

ಅಂದಿನಿಂದ ಮಗಳಿಗೆ ಶಿಕ್ಷೆಯ ವಾಕ್ಯ ನಿಂತೇ ಹೋಯಿತು. ರಾತ್ರಿ ಕಥೆ ಹೇಳಿದರು, ಜೊತೆಗೆ ಕೂತು ಹಾಡಿದರು, ಅವಳು ಆಸೆಪಟ್ಟ ಈಜುವ ತಂಡಕ್ಕೂ ಸೇರಿಸಿದರು. ಮಗಳೂ ತಕರಾರಿಲ್ಲದೆ ಚರ್ಚಿಗೆ ಬಂದಳು. ಅವಳ ವಯಸ್ಸಿನ ಮಕ್ಕಳು ಸಭೆಯ ಮುಂದೆ ನಿಂತು "ನಾನು ನಂಬುತ್ತೇನೆ" ಎಂದು ಹೇಳುವ ಭಾನುವಾರ ಹತ್ತಿರ ಬಂದಾಗ ಮಾಮನ ಜೀವವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಹಿಂದಿನ ದಿನ ಮಗಳು ಅಂಗಡಿಗೆ ಬಂದು, ಅರ್ಧ ಬಿಚ್ಚಿದ ಸೋಫಾದ ಮರದ ಚೌಕಟ್ಟಿನ ಮೇಲೆ ಕೂತಳು.

"ಅಪ್ಪಾ, ನಾಳೆ ನಿಂತ್ಕೋತೀನಿ. ನೀವು ಹೇಳ್ಸಿದ್ ಹಾಗೇ ಹೇಳ್ತೀನಿ. ಆದ್ರೆ ನನ್ನೊಳಗೆ ಏನೂ ಇಲ್ಲ. ನಂಬಬೇಕು ಅಂತ ತುಂಬಾ ನೋಡ್ದೆ, ಆಗ್ಲಿಲ್ಲ."

"ಮತ್ತೆ ಯಾಕ್ ನಿಂತ್ಕೋತೀಯಾ?"

"ನಿಮಗೆ ಬೇಜಾರಾಗುತ್ತಲ್ಲ."

ಮಿಷಿನ್ ನಿಂತಿತು. ಅತ್ತೆ ಮಗಳ ಮುಖ ನೋಡಿ ಗಂಡನ ಕಡೆ ತಿರುಗಿದರು. "ಹೇಳ್ಲಿ ಬಿಡ್ರೀ. ಹೇಳ್ತಾ ಹೇಳ್ತಾ ಬರುತ್ತೆ."

"ದೇವರ ಮುಂದೆ ಸುಳ್ಳು ಹೇಳ್ಸಕ್ಕೆ ನಾನೇ ಕರ್ಕೊಂಡ್ ಹೋಗ್ಲಾ?" ಎಂದರು ಮಾಮ.

ಸಂಜೆ ತಾವೇ ಚರ್ಚಿನ ಪಾಸ್ಟರ ಮನೆಗೆ ಹೋಗಿ ನಾಳೆಯ ಸಾಲಿನಿಂದ ಮಗಳನ್ನು ಬಿಟ್ಟುಬಿಡಿ ಎಂದರು. ಪಾಸ್ಟರು ನಕ್ಕು ಬೆನ್ನು ತಟ್ಟಿದರು. "ಅಯ್ಯೋ, ಆ ಸಾಲಲ್ಲಿ ನಿಲ್ಲೋರೆಲ್ಲ ಪೂರ್ತಿ ನಂಬಿರ್ತಾರೆ ಅಂದ್ಕೊಂಡ್ರಾ? ನಿಂತ್ಕೊಳ್ಲಿ ಮಾರಾಯ್ರೇ, ನಂಬಿಕೆ ಆಮೇಲೆ ಬರುತ್ತೆ."

ಮಾಮ ಒಪ್ಪಲಿಲ್ಲ. ಆದರೆ ಆ ಮಾತು ಅವರನ್ನು ಇನ್ನೂ ಕುಗ್ಗಿಸಿತು. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ಬಂದರಂತೆ.

ಭಾನುವಾರ ಮಗಳು ಈಜುವ ಪಂದ್ಯಕ್ಕೆ ಹೋದಳು. ಚರ್ಚಿನಲ್ಲಿ ಬೇರೆಯವರ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೇಳಿದರು. ಕೆಲವರು ಗಟ್ಟಿಯಾಗಿ, ಕೆಲವರು ಕಿಸಕ್ಕನೆ ನಗುತ್ತ. ಪ್ರತಿ ಸಲವೂ ಅಪ್ಪ ಅಮ್ಮಂದಿರು ಎದ್ದು ಪಕ್ಕದಲ್ಲಿ ನಿಂತರು. ಮಾಮ, ಅತ್ತೆ ಕೂತೇ ಇದ್ದರು. ಮುಂದಿನ ಬೆಂಚಿನ ಹಿರಿಯರೊಬ್ಬರು ಹಿಂದಕ್ಕೆ ತಿರುಗಿ "ಮಗಳಿಗೆ ಹುಷಾರಿಲ್ವಾ?" ಎಂದರು. "ಹುಷಾರಾಗಿದ್ದಾಳೆ," ಎಂದರು ಮಾಮ. ಹಿರಿಯರು ಮುಂದಕ್ಕೆ ತಿರುಗಿಕೊಂಡರು.

ಮಧ್ಯಾಹ್ನ ಮಗಳು ಒದ್ದೆ ಕೂದಲಲ್ಲಿ ಮನೆಗೆ ಬಂದಳು. ಮಗನೂ ಬಂದಿದ್ದ, ತಂಗಿ ಗೆದ್ದಳೆಂದು ಅವಳ ಬೆನ್ನಿಗೆ ಗುದ್ದುತ್ತ. ಎಲ್ಲರೂ ಊಟಕ್ಕೆ ಕೂತರು. ಅಪ್ಪನ ಮುಖ ನೋಡಿದ ಮಗಳು ಮೆಲ್ಲಗೆ ಕೇಳಿದಳು. "ಇವತ್ತು ಪ್ರಾರ್ಥನೆ ನಾನ್ ಮಾಡ್ಲಾ ಅಪ್ಪಾ?"

"ಬೇಡ ಮಗಳೇ. ನಂಗೋಸ್ಕರ ಬೇಡ."

ಅವರೇ ಕಣ್ಣು ಮುಚ್ಚಿದರು. ಊಟ ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು, ಕೆಲಸಕ್ಕೆ ಸ್ತೋತ್ರ ಹೇಳಿದರು. ಆಮೇಲೆ "ಕರ್ತನೇ, ಈ ಮಕ್ಕಳನ್ನ..." ಎಂದವರು ಅಲ್ಲೇ ನಿಂತರು. ದಿನಾ ಹೇಳುತ್ತಿದ್ದ ಮಾತೇ, ಮುಂದಕ್ಕೆ ಹೋಗಲಿಲ್ಲ. ಮಕ್ಕಳಿಬ್ಬರೂ ಕಣ್ಣು ಬಿಟ್ಟುಕೊಂಡೇ, ಅಪ್ಪನಿಗೆ ಗೊತ್ತಾಗದ ಹಾಗೆ ಅವರನ್ನೇ ನೋಡುತ್ತ ಕೂತಿದ್ದರು. ಅತ್ತೆಯೇ "ಆಮೆನ್" ಎಂದು ಮುಗಿಸಿ, ಬಡಿಸಲು ಎದ್ದರು.