ಡಾಕ್ಟರ ಮುಂದೆ ನಾನು ಮುಚ್ಚಿಟ್ಟ ಕಾಯಿಲೆ

ಮೂವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ ನನ್ನ ಮಗನಿಗೆ. ತರೀಕೆರೆಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದ. ಮಲದಲ್ಲಿ ರಕ್ತ ಹೋದರೆ ಮೂಲವ್ಯಾಧಿ ಎಂದುಕೊಂಡು ಮೂಲಂಗಿ ರಸ ಕುಡಿದ. ಕೊನೆಗೆ ಶಿವಮೊಗ್ಗದಲ್ಲಿ ತೋರಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರ್ ಎಂದರು.

ಅವತ್ತು ಅಜ್ಜಂಪುರದ ಬೀಗರೂ ಬಂದಿದ್ದರು. ಬೀಗರಾಗುವವರು ಅನ್ನಬೇಕು, ಅವರ ಮಗನಿಗೆ ನನ್ನ ಮಗಳನ್ನು ಕೊಡುವ ಮಾತಾಗಿತ್ತು, ಹೂವು ಮುಡಿಸುವುದು ಬಾಕಿ. ಕಡೂರಿನ ನಮ್ಮ ಮನೆಗೆ ಬಂದು ತಮ್ಮ ಕಾರಿನಲ್ಲೇ ನಮ್ಮನ್ನು ಕರೆದೊಯ್ದು, ಡಾಕ್ಟರ ಕೋಣೆಯೊಳಗೂ ಬಂದು ಕೂತರು. ಹೊರಗಿರಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಚಿಕ್ಕ ವಯಸ್ಸು. ಮನೇಲಿ ಯಾರಿಗಾದ್ರೂ ಕರುಳಿಂದು, ಗರ್ಭಕೋಶದ್ದು ಕ್ಯಾನ್ಸರ್ ಆಗಿತ್ತಾ?" ಎಂದು ಡಾಕ್ಟರು ಕೇಳಿದರು.

ನನ್ನ ತಮ್ಮ ಹೋದದ್ದು ಕರುಳಿನ ಕ್ಯಾನ್ಸರಿನಲ್ಲೇ. ಅಕ್ಕ ಗರ್ಭಕೋಶದ್ದರಲ್ಲಿ. ಸಂಬಂಧಗಳು ತಪ್ಪುತ್ತವೆಂದು ಊರಿಗೂ ಮಕ್ಕಳಿಗೂ ಕಾಮಾಲೆ ಎಂದು ಹೇಳಿದ್ದೆವು.

"ಇಲ್ಲ ಸಾರ್."

"ಗಟ್ಟಿ ಮನೆತನ ಕಣ್ರೀ, ಇವರ ತಂದೆ ಹಲ್ಲುದುರಿದ ಮೇಲೂ ಎರಡು ಮುದ್ದೆ ಉಣ್ಣೋರು" ಎಂದು ಬೀಗರು ನಕ್ಕರು. ನಾನೂ ನಕ್ಕೆ.

ಡಾಕ್ಟರು ಹಾಗಿದ್ದರೆ ವಂಶದ ಜೀನ್ ಪರೀಕ್ಷೆ ಬೇಡ ಎಂದು ಎಲ್ಲರಿಗೂ ಕೊಡುವ ಕೀಮೋ ಶುರು ಮಾಡಿದರು. ಮಗಳ ಮದುವೆಯಾಯಿತು. ಮಗನ ಕಾಯಿಲೆ ಲಿವರಿಗೆ ಹರಡಿತು. ಆಗ ಇನ್ನೊಬ್ಬ ಡಾಕ್ಟರು ಗೆಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿದರು. "ಇದು ವಂಶದಲ್ಲಿ ಬರೋ ಬಗೆ. ಇದಕ್ಕೆ ಬೇರೆ ಔಷಧಿ ಚೆನ್ನಾಗಿ ಹಿಡಿಯುತ್ತೆ. ಮೊದಲೇ ಗೊತ್ತಿದ್ದಿದ್ರೆ ಅದನ್ನೇ ಕೊಡ್ತಿದ್ವಿ."

"ಉಳೀತಿದ್ನಾ ಸಾರ್?"

"ಅದನ್ನ ಹೇಳೋಕಾಗಲ್ಲ."

ಆ ಔಷಧಿ ಶುರುವಾಗುವ ಹೊತ್ತಿಗೆ ಅವನಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ.

"ಯಾರ್ಗೂ ಇರ್ಲಿಲ್ಲ ಅಂದ್ಯಲ್ಲಪ್ಪಾ?" ಎಂದ. ಎಲ್ಲ ಹೇಳಿದೆ. ಗೋಡೆ ಕಡೆ ತಿರುಗಿಕೊಂಡ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೋಡೆ ನೋಡುತ್ತಲೇ, "ತಂಗಿಗೂ ಟೆಸ್ಟ್ ಮಾಡಿಸ್ಬೇಕು. ಬೀಗ್ರ ಮುಂದೇನೇ ಹೇಳು" ಅಂದ.

ಅವನು ಬದುಕಿರುವಾಗ ಹೇಳಲು ನನಗೆ ಧೈರ್ಯ ಬರಲಿಲ್ಲ. ತಿಥಿ ಮುಗಿದ ಮೇಲೆ ಅಜ್ಜಂಪುರಕ್ಕೆ ಹೋಗಿ ನಡುಮನೆಯಲ್ಲಿ ಹೇಳಿದೆ. "ಅವತ್ತೇ ಹೇಳಿದ್ರೆ ನಾನೇನು ಹುಡುಗೀನ ಬೇಡ ಅಂತಿದ್ನೇನ್ರೀ?" ಎಂದರು ಬೀಗರು. ಅನ್ನುತ್ತಿದ್ದರೋ ಏನೋ. ನಾನು ಕೇಳಿ ನೋಡಲೇ ಇಲ್ಲ.

ಪರೀಕ್ಷೆಯಲ್ಲಿ ಮಗಳಿಗೂ ವಂಶದ ಆ ದೋಷ ಇದೆ ಎಂದು ಗೊತ್ತಾಯಿತು. ನನ್ನಿಂದಲೇ ಅವರಿಬ್ಬರಿಗೂ ಹೋಗಿದೆ. ನನಗೆ ಮಾತ್ರ ಈ ವಯಸ್ಸಿನವರೆಗೂ ಏನೂ ಆಗಿಲ್ಲ. ಮಗಳು ಆಗಾಗ ಕರುಳು ನೋಡಿಸುತ್ತಿದ್ದರೆ ಮೊದಲೇ ಹಿಡಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮೊದಲ ಸಲ ಅವಳು ಆಸ್ಪತ್ರೆಗೆ ಹೊರಟಾಗ ನಾನೂ ಬರುತ್ತೇನೆ ಎಂದೆ.

"ನೀನು ಬರ್ಬೇಡಪ್ಪ" ಎಂದು ಚಪ್ಪಲಿ ಮೆಟ್ಟಿಕೊಂಡಳು. "ಮಾವ ಬತ್ತಾರೆ."